ಕೆಂಪು ಬಂಗಾರದ ಬೆನ್ನು ಹತ್ತಿದ ಫ್ಯಾರಡೆ

1855ರ ಜುಲೈ 7, ಮಧ್ಯಾಹ್ನ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಸಾಗುತ್ತಿದ್ದ ಉಗಿದೋಣಿಯೊಂದರಲ್ಲಿ ಅರವತ್ತಮೂರು ವರ್ಷದ ಹಿರಿಯರೊಬ್ಬರು ಬಿಳಿ ಕಾರ್ಡುಗಳನ್ನು ಹರಿದು ಚೂರು ಮಾಡುತ್ತಿದ್ದರು. ಚೂರುಗಳು ಬೇಗ ಮುಳುಗಲಿ ಎಂದು ಅವನ್ನು ಒದ್ದೆ ಮಾಡಿ, ದೋಣಿ ನಿಲ್ಲುವ ಪ್ರತಿ ಕಟ್ಟೆಯ ಬಳಿಯೂ ನೀರಿಗೆ ಬಿಟ್ಟು ನೋಡುತ್ತಿದ್ದರು. ಮೇಲೆ ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ಒಂದು ಅಂಗುಲ ಆಳಕ್ಕೆ ಇಳಿಯುವ ಮೊದಲೇ ಬಿಳಿ ಚೂರು ಕಣ್ಣಿಗೆ ಕಾಣದಂತಾಗುತ್ತಿತ್ತು. ಅಷ್ಟು ಕೊಳೆತುಹೋಗಿತ್ತು ಆ ನದಿ. ಅವರು ಮನೆಗೆ ಬಂದು, ಇವತ್ತು ನಾವು ಓದುಗರ ಪತ್ರ ಬರೆಯುವ ಹಾಗೆ, ದಿ ಟೈಮ್ಸ್ ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ ಬರೆದರು. ತಾವು ಕಂಡದ್ದನ್ನು ಕಂಡಂತೆ ಹೇಳಿ, ಈಗಲೇ ಎಚ್ಚೆತ್ತುಕೊಳ್ಳದಿದ್ದರೆ ಬೇಸಿಗೆಯೊಂದು ಪಾಠ ಕಲಿಸುತ್ತದೆ ಎಂದು ಎಚ್ಚರಿಸಿದರು. ಮೂರೇ ವರ್ಷದಲ್ಲಿ, 1858ರ ಬೇಸಿಗೆಯಲ್ಲಿ, ನದಿಯ ದುರ್ನಾತಕ್ಕೆ ಪಾರ್ಲಿಮೆಂಟಿನ ಸದಸ್ಯರೇ ಕೂರಲಾಗದೆ ಒದ್ದಾಡಿದರು. ಆಮೇಲಷ್ಟೇ ಲಂಡನ್ನಿಗೆ ದೊಡ್ಡ ಒಳಚರಂಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಆ ಹಿರಿಯರು ಮೈಕೆಲ್ ಫ್ಯಾರಡೆ. ವಿದ್ಯುತ್ ಜನರೇಟರಿನ ಮೂಲತತ್ವ ಕಂಡುಹಿಡಿದವರು ಎಂದು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದವರೇ. ಆದರೆ ನನಗೆ ಹತ್ತಿರವಾದದ್ದು ಅವರ ಬದುಕಿನ ಇನ್ನೊಂದು ವರ್ಷ. ಕಾರ್ಡಿನ ಚೂರು ಬಿಟ್ಟ ಮರುವರ್ಷವೇ, ಅಂದರೆ 1856ರಲ್ಲಿ, ಅವರು ಮತ್ತೆ ನೀರು ಮತ್ತು ಬೆಳಕಿನ ಹಿಂದೆ ಬಿದ್ದರು. ಈ ಸಲ ನೀರಿನಲ್ಲಿದ್ದದ್ದು ಕೊಳೆಯಲ್ಲ, ಬಂಗಾರ. ಕಣ್ಣಿಗೆ ಕಾಣದಷ್ಟು ಸಣ್ಣದಾದ, ನೀರಿನಲ್ಲಿ ತೇಲುವ ಬಂಗಾರದ ಕಣಗಳು.

ನಾನು ರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಈಗ ಕೆಲಸ ಹುಡುಕುತ್ತಿರುವ ಹುಡುಗ. ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆಯ ಓದು, ಮಧ್ಯಾಹ್ನ ಅರ್ಜಿ ಕಳಿಸುವುದು, ಸಂಜೆ ಟ್ಯೂಷನ್ ಹೇಳುವುದು. ಕೊನೆಯ ವರ್ಷ ನಾನು ಮಾಡಿದ ಪ್ರಾಜೆಕ್ಟ್, ಚಿನ್ನದ ನ್ಯಾನೊ ಕಣಗಳು ನೀರಿನಲ್ಲಿ ಬೆಳಕನ್ನು ಎಷ್ಟು ಹೀರುತ್ತವೆ, ಎಷ್ಟು ಚದುರಿಸುತ್ತವೆ ಎಂದು ಅಳೆಯುವುದು. ಈಚೆಗೆ ಸಂದರ್ಶನವೊಂದರಲ್ಲಿ ಈ ಪ್ರಾಜೆಕ್ಟಿನಿಂದ ಯಾರಿಗೆ ಏನು ಉಪಯೋಗವಾಯಿತು ಎಂದು ಕೇಳಿದರು. ನನಗಿಂತ ಮುಂಚೆ ಒಳಗೆ ಹೋಗಿ ಬಂದ ಗೆಳತಿಗೂ ಇದೇ ಪ್ರಶ್ನೆ. ಅದು ನಮ್ಮಿಬ್ಬರದು ಮಾತ್ರ ಅಲ್ಲ, ಈ ಪುಟ ಓದುವ ಎಷ್ಟೋ ಜನರ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಫ್ಯಾರಡೆ.

ಉತ್ತರ ಬಾರದ ಅರ್ಜಿ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ದಕ್ಷಿಣ ಲಂಡನ್ನಿಗೆ ಸೇರಿಹೋಗಿರುವ ನ್ಯೂವಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಜೇಮ್ಸ್ ಕಮ್ಮಾರ. ಆರೋಗ್ಯ ಕೆಟ್ಟು ಕುಲುಮೆಯ ಮುಂದೆ ದಿನವೂ ನಿಲ್ಲಲಾಗುತ್ತಿರಲಿಲ್ಲ. ದವಸದ ಬೆಲೆ ಏರಿದ್ದ 1801ರಲ್ಲಿ ಬಾಲಕ ಮೈಕೆಲ್‌ನ ಪಾಲಿಗೆ ವಾರಕ್ಕೆ ಒಂದೇ ಒಂದು ಬ್ರೆಡ್ಡು ಬರುತ್ತಿತ್ತು. ಶಾಲೆಯಲ್ಲಿ ಓದು, ಬರಹ, ಲೆಕ್ಕ ಕಲಿತದ್ದಷ್ಟೇ. ಹದಿಮೂರನೇ ವಯಸ್ಸಿಗೆ ಜಾರ್ಜ್ ರೀಬೊ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಪೇಪರು ಹಂಚುವ ಹುಡುಗನಾದ. ಮರುವರ್ಷ ಅಲ್ಲೇ ಬೈಂಡಿಂಗ್ ಕೆಲಸ ಕಲಿಯಲು ಏಳು ವರ್ಷದ ಕರಾರಿಗೆ ಸೇರಿಕೊಂಡ. ಹುಡುಗನ ನಿಯತ್ತು ನೋಡಿ ರೀಬೊ ಕಲಿಕೆಗೆ ಹಣ ತೆಗೆದುಕೊಳ್ಳಲಿಲ್ಲ.

ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಹೊಲಿಯುವ ಮುಂಚೆ ಈ ಹುಡುಗ ಓದುತ್ತಿದ್ದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ ಅವನನ್ನು ಹಿಡಿದುಹಾಕಿತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನ ವಿಜ್ಞಾನದ ಪುಸ್ತಕ ಅವನ ನಿಜವಾದ ಪಾಠಶಾಲೆಯಾಯಿತು. ಓದಿದ್ದನ್ನು ಹಾಗೇ ನಂಬದೆ, ತನ್ನ ಕೈಗೆಟುಕುವ ಪುಡಿಗಾಸಿನಲ್ಲಿ ಪ್ರಯೋಗ ಮಾಡಿ ನೋಡುತ್ತಿದ್ದ. ಊರಿನಲ್ಲಿ ಜಾನ್ ಟೇಟಮ್ ಎಂಬುವರು ನಡೆಸುತ್ತಿದ್ದ ವಿಜ್ಞಾನ ಉಪನ್ಯಾಸಗಳಿಗೆ ಹೋಗಲು ಒಂದು ಶಿಲ್ಲಿಂಗ್ ಬೇಕಿತ್ತು. ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್ ಅದನ್ನು ಕೊಡುತ್ತಿದ್ದ. ನಮ್ಮಲ್ಲೂ ಕೋಚಿಂಗ್ ಫೀಸು ಕಟ್ಟುವ ಅಣ್ಣ ಅಕ್ಕಂದಿರು ಇದ್ದಾರಲ್ಲ, ಹಾಗೆ.

1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಅವರ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಡೇವಿ ಆ ಕಾಲದ ಅತ್ಯಂತ ಜನಪ್ರಿಯ ರಸಾಯನ ವಿಜ್ಞಾನಿ. ಮೈಕೆಲ್ ನಾಲ್ಕು ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ಚಿತ್ರಗಳೊಂದಿಗೆ ಅಂದವಾಗಿ ಬರೆದುಕೊಂಡ. ಅಷ್ಟರಲ್ಲಿ ಕರಾರಿನ ಏಳು ವರ್ಷ ಮುಗಿಯಿತು. ಇನ್ನೊಬ್ಬ ಬೈಂಡರ್ ಹತ್ತಿರ ಕೂಲಿಗೆ ಸೇರಿದ. ಮಾಲೀಕ ಮುಂಗೋಪಿ. ಹೇಗಾದರೂ ವಿಜ್ಞಾನದ ಕಡೆಗೆ ಹೋಗಬೇಕೆಂದು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೇ ಅರ್ಜಿ ಬರೆದ. ಯಾವ ಸಣ್ಣ ಕೆಲಸವಾದರೂ ಸರಿ ಎಂದು ಕೇಳಿಕೊಂಡಿದ್ದ. ಉತ್ತರ ಬರಲಿಲ್ಲ.

ಈ ಸಾಲು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಕಳಿಸಿದ ಇಮೇಲ್‌ಗೆ ಇಲ್ಲ ಎಂಬ ಉತ್ತರವೂ ಬಾರದಿದ್ದಾಗ ಆಗುವ ಸಂಕಟ ಇನ್ನೂರು ವರ್ಷ ಹಳೆಯದು ಎಂದು ತಿಳಿದು ಏನೋ ಒಂದು ಸಮಾಧಾನ.

ಮೈಕೆಲ್ ಸುಮ್ಮನಾಗಲಿಲ್ಲ. ಡೇವಿ ಉಪನ್ಯಾಸದ ಟಿಪ್ಪಣಿಗಳಿಗೆ ತನ್ನ ಕೈಯಾರೆ ಬೈಂಡಿಂಗ್ ಮಾಡಿ, ಅದನ್ನೇ ಅರ್ಜಿಯ ಜೊತೆ ಡೇವಿ ಅವರಿಗೆ ಕಳಿಸಿದ. ತನಗೆ ಏನು ಬರುತ್ತದೆ ಎಂದು ಹೇಳುವ ಬದಲು ತೋರಿಸಿದ ಹಾಗಾಯಿತು. ಡೇವಿ ಕರೆದು ಮಾತಾಡಿದರು. ಆದರೆ ಖಾಲಿ ಹುದ್ದೆ ಇಲ್ಲ, ಬೈಂಡಿಂಗ್ ಕೆಲಸವನ್ನು ಬಿಡಬೇಡ ಎಂದು ಬುದ್ಧಿ ಹೇಳಿ ಕಳಿಸಿದರು. ಕೆಲವೇ ವಾರಗಳಲ್ಲಿ ಅಲ್ಲಿನ ಪ್ರಯೋಗಾಲಯದ ಸಹಾಯಕ ಜಗಳವಾಡಿ ಕೆಲಸ ಕಳೆದುಕೊಂಡ. ಡೇವಿ ಅವರಿಗೆ ಬೈಂಡರ್ ಹುಡುಗ ನೆನಪಾದ. 1813ರ ಮಾರ್ಚ್ 1ರಂದು ಇಪ್ಪತ್ತೊಂದು ವರ್ಷದ ಫ್ಯಾರಡೆಗೆ ನೇಮಕವಾಯಿತು. ವಾರದ ಸಂಬಳ, ಮಾಳಿಗೆಯ ಮೇಲೆ ಎರಡು ಕೋಣೆ, ಉರುವಲು, ಮೇಣದಬತ್ತಿ. ಮುಂದೆ ನಲವತ್ತೈದಕ್ಕೂ ಹೆಚ್ಚು ವರ್ಷ ಆ ಕಟ್ಟಡವೇ ಅವರ ಮನೆ, ಅದೇ ಅವರ ಕಚೇರಿ.

ಅಲ್ಲಿಂದ ಮುಂದಿನದು ನಮಗೆಲ್ಲ ಗೊತ್ತಿರುವ ಕಥೆ. 1821ರಲ್ಲಿ ವಿದ್ಯುತ್ ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದರು. 1825ರಲ್ಲಿ ಬೆಂಜೀನ್ ಬೇರ್ಪಡಿಸಿದರು. 1831ರಲ್ಲಿ ಅಯಸ್ಕಾಂತದಿಂದ ವಿದ್ಯುತ್ ಪಡೆದರು. 1834ರ ಹೊತ್ತಿಗೆ ವಿದ್ಯುದ್ವಿಭಜನೆಯ ನಿಯಮಗಳು. ಆಮೇಲೆ ಐವತ್ತು ವರ್ಷಕ್ಕೂ ಮುಂಚೆಯೇ ತಲೆಸುತ್ತು, ಮರೆವು ಶುರುವಾಯಿತು. ಕೆಲವು ವರ್ಷ ಕೆಲಸವನ್ನೇ ಹೆಚ್ಚೂಕಡಿಮೆ ನಿಲ್ಲಿಸಬೇಕಾಯಿತು. ಮತ್ತೆ ಎದ್ದು ಬಂದು 1845ರಲ್ಲಿ ಅಯಸ್ಕಾಂತಕ್ಕೂ ಬೆಳಕಿಗೂ ನಂಟಿದೆ ಎಂದು ತೋರಿಸಿದರು. ಮರೆವನ್ನು ನಂಬುವಂತಿರಲಿಲ್ಲವಾದ್ದರಿಂದ ನೋಟ್‌ಬುಕ್ಕನ್ನು ನಂಬಿದರು. ಅವರ ದಿನಚರಿಯಲ್ಲಿ ಪ್ರತಿ ಪ್ಯಾರಾಗೂ ಕ್ರಮಸಂಖ್ಯೆ ಇದೆ. ಆ ಸಂಖ್ಯೆ ಹದಿನಾರು ಸಾವಿರವನ್ನೂ ದಾಟಿತು.

ಅರವತ್ತನಾಲ್ಕರಲ್ಲಿ ಹೊಸ ಪಾಠ

1856ರಲ್ಲಿ ಅವರು ಬಂಗಾರವನ್ನು ಕೈಗೆತ್ತಿಕೊಂಡಾಗ ವಯಸ್ಸು ಅರವತ್ತನಾಲ್ಕು. ನಮ್ಮಲ್ಲಾದರೆ ನಿವೃತ್ತಿಯಾಗಿ ಪಿಂಚಣಿ ಎಣಿಸುವ ವಯಸ್ಸು. ಬಂಗಾರವೇ ಏಕೆ? ಬಡಿದು ಬಡಿದು ತೆಳ್ಳಗೆ ಮಾಡಲು ಬಂಗಾರದಂಥ ಲೋಹ ಇನ್ನೊಂದಿಲ್ಲ. ಚರ್ಮದ ರಟ್ಟಿನ ಮೇಲೆ ಪುಸ್ತಕದ ಹೆಸರು ಅಚ್ಚೊತ್ತಲು ಬೈಂಡರುಗಳು ಬಳಸುವುದೂ ಬಂಗಾರದ ರೇಕನ್ನೇ. ಹುಡುಗನಾಗಿದ್ದಾಗ ಉಸಿರಿಗೆ ಹಾರಿಹೋಗುವ ಆ ರೇಕನ್ನು ಅವರು ಬೆಳಕಿಗೆ ಹಿಡಿದು ನೋಡಿರಬಹುದೇ ಎಂದು ಊಹಿಸಿಕೊಳ್ಳುವುದು ನನಗೆ ಇಷ್ಟ.

ಬಂಗಾರದ ರೇಕಿನ ದಪ್ಪ ಅಂಗುಲದ ಸುಮಾರು 2,80,000 ಭಾಗಗಳಲ್ಲಿ ಒಂದು ಎಂದು ಫ್ಯಾರಡೆ ಲೆಕ್ಕ ಹಾಕಿದ್ದರು. ಈಗಿನ ಅಳತೆಯಲ್ಲಿ ಅದು ಸುಮಾರು 90 ನ್ಯಾನೊಮೀಟರ್. ಹಸಿರು ಬೆಳಕಿನ ಒಂದು ಅಲೆಯ ಉದ್ದ 500 ನ್ಯಾನೊಮೀಟರಿನ ಆಸುಪಾಸು. ಅಂದರೆ ರೇಕು ಬೆಳಕಿನ ಅಲೆಗಿಂತ ಎಷ್ಟೋ ತೆಳು. ಬೆಳಕಿನ ಅಲೆಗಿಂತ ಸಣ್ಣದಾದ ವಸ್ತುವಿನ ಮೇಲೆ ಬೆಳಕು ಬಿದ್ದರೆ ಏನಾಗುತ್ತದೆ? ಅವರ ಪ್ರಶ್ನೆ ಇದು. ಬಂಗಾರದ ಮೂಲಕ ಹಾಯಿಸಿ ಒಂದು ಬಣ್ಣದ ಬೆಳಕನ್ನು ಇನ್ನೊಂದು ಬಣ್ಣದ ಬೆಳಕಾಗಿ ಬದಲಿಸಲು ಸಾಧ್ಯವೇ ಎಂಬ ದೊಡ್ಡ ಆಸೆಯೂ ಒಳಗಿತ್ತು.

ಮೊದಲು ರೇಕಿನೊಂದಿಗೇ ಪ್ರಯೋಗ. ಮೇಲಿನಿಂದ ನೋಡಿದರೆ ಹಳದಿಯಾಗಿ ಹೊಳೆಯುವ ರೇಕು, ಅದರ ಮೂಲಕ ಬೆಳಕು ನೋಡಿದರೆ ಹಸಿರು. ಗಾಜಿನ ಮೇಲಿಟ್ಟು ಕಾಯಿಸಿದರೆ ಹಸಿರು ಮಾಯ. ನುಣುಪು ಕಲ್ಲಿನಿಂದ ಒತ್ತಿದರೆ ಹಸಿರು ಮತ್ತೆ ಹಾಜರು. ಇನ್ನೂ ತೆಳುವಾಗಬೇಕೆಂದು ರೇಕನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ಕರಗಿಸಿ ನೋಡಿದರು. ಗೆಳೆಯ ವಾರೆನ್ ಡ ಲ ರೂ ಒಳ್ಳೆಯ ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದರು. ಅವರ ಜೊತೆ ಕೂತು ಪರೀಕ್ಷಿಸಿದರು.

ಆಮೇಲೆ ನೀರಿಗೆ ಬಂದರು. ಬಂಗಾರದ ಕ್ಲೋರೈಡನ್ನು ನೀರಿನಲ್ಲಿ ತೀರಾ ತೆಳುವಾಗಿ ಕರಗಿಸಿ, ಅದಕ್ಕೆ ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿದ ರಂಜಕದ ಕೆಲವು ಹನಿ ಹಾಕಿ ಅಲುಗಾಡಿಸಿದರು. ಗಂಟೆಗಳು ಕಳೆದಂತೆ ನೀರು ಮಾಣಿಕ್ಯದಂಥ ಕೆಂಪಾಯಿತು. ಎಲ್ಲಿಯೂ ಹಳದಿಯ ಸುಳಿವಿಲ್ಲ. ಇದು ಬಂಗಾರವೇ, ಅಥವಾ ಬಂಗಾರದ ಯಾವುದೋ ಕೆಂಪು ಸಂಯುಕ್ತವೇ? ಇದು ಕರಗಿದ ಬಣ್ಣವೇ, ಅಥವಾ ತೇಲುವ ಕಣವೇ? ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುತ್ತಿರಲಿಲ್ಲ.

ಎರಡು ಕಡೆಯಿಂದ ನೋಡುವುದು

ಇಲ್ಲಿ ಫ್ಯಾರಡೆ ಮಾಡಿದ ಕೆಲಸ ಬಹಳ ಸರಳ. ಬಾಟಲಿಯನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಚೊಕ್ಕ ಕೆಂಪು, ಕಿಂಚಿತ್ತೂ ಕದಡಿಲ್ಲ. ಆಮೇಲೆ ಮಸೂರದಿಂದ ಬಿಸಿಲನ್ನು ಒಟ್ಟುಗೂಡಿಸಿ, ಆ ಬೆಳಕಿನ ಶಂಕುವನ್ನು ದ್ರವದೊಳಗೆ ಬಿಟ್ಟು, ಪಕ್ಕದಿಂದ ನೋಡಿದರು. ಬೆಳಕಿನ ದಾರಿ ಮಂಕಾಗಿ ಬೆಳಗಿತು. ಆ ಹೊಳಪಿನಲ್ಲಿ ಬಂಗಾರದ ಛಾಯೆ ಇತ್ತು. ಬೆಳಗಿನ ಬಿಸಿಲುಕೋಲಿನಲ್ಲಿ ಧೂಳು ಕಾಣುವ ಹಾಗೆ. ಉಪ್ಪು ಕರಗಿದ ಶುದ್ಧ ನೀರಿನಲ್ಲಿ ಬೆಳಕಿನ ದಾರಿ ಹೀಗೆ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಇರುವುದು ಕರಗಿದ ಬಣ್ಣವಲ್ಲ, ಬಿಡಿಬಿಡಿ ಲೋಹದ ಕಣಗಳು ಎಂದು ಅವರು ತೀರ್ಮಾನಿಸಿದರು. ತಿಂಗಳುಗಟ್ಟಲೆ ಇಟ್ಟ ಬಾಟಲಿಗಳ ತಳದಲ್ಲಿ ಕಣಗಳು ಮೆಲ್ಲಗೆ ಕೂಡುವುದನ್ನೂ ಗಮನಿಸಿದರು. ಚಿಟಿಕೆ ಉಪ್ಪು ಹಾಕಿದರೆ ಕೆಂಪು ಹೋಗಿ ನೀಲಿಯಾಗುವುದನ್ನೂ ಬರೆದಿಟ್ಟರು. ಪಾತ್ರೆ ಒಂಚೂರು ಕೊಳೆಯಾಗಿದ್ದರೂ ಬಣ್ಣ ಕೆಡುತ್ತದೆ, ಆದ್ದರಿಂದ ಗಾಜನ್ನು ಮೈಮುರಿದು ತೊಳೆಯಬೇಕು ಎಂಬುದೂ ಅವರ ಅನುಭವ.

ಇದನ್ನು ನಮ್ಮ ಲ್ಯಾಬಿನ ಭಾಷೆಯಲ್ಲಿ ಹೇಳುತ್ತೇನೆ. ನಾವು ಬಳಸಿದ್ದು 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ. ಬಂಗಾರದ ಲವಣದ ದ್ರಾವಣವನ್ನು ಕುದಿಸಿ ಸೋಡಿಯಂ ಸಿಟ್ರೇಟ್ ಹಾಕಿದರೆ, ತೆಳು ಹಳದಿ ಮೊದಲು ಬಣ್ಣ ಕಳೆದುಕೊಳ್ಳುತ್ತದೆ, ಆಮೇಲೆ ಕಪ್ಪುನೀಲಿಗೆ ತಿರುಗುತ್ತದೆ, ಕೊನೆಗೆ ದಾಳಿಂಬೆ ರಸದ ಕೆಂಪಾಗಿ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ಬೇಸರವಾಗದ ನೋಟ. ಕಣಗಳ ಅಡ್ಡಳತೆ ಸುಮಾರು 15 ನ್ಯಾನೊಮೀಟರ್. ಇದನ್ನು ಒಂದು ಸೆಂಟಿಮೀಟರ್ ಅಗಲದ ಕ್ಯೂವೆಟ್‌ಗೆ ಸುರಿದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಇಡುತ್ತೇವೆ. ಯಂತ್ರ ಒಂದೊಂದೇ ಬಣ್ಣದ ಬೆಳಕನ್ನು ಹಾಯಿಸಿ, ಆಚೆ ಬದಿಗೆ ಎಷ್ಟು ತಲುಪಿತು ಎಂದು ಎಣಿಸುತ್ತದೆ. ಗ್ರಾಫಿನಲ್ಲಿ 520 ನ್ಯಾನೊಮೀಟರ್ ಹತ್ತಿರ ಒಂದು ಗುಡ್ಡ ಏಳುತ್ತದೆ. ಹಸಿರು ಬೆಳಕು ಅಲ್ಲಿ ಕಾಣೆಯಾಗಿದೆ ಎಂದರ್ಥ. ಹಸಿರು ಹೋದ ಬೆಳಕು ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ಕಣದೊಳಗಿನ ಎಲೆಕ್ಟ್ರಾನುಗಳು ಆ ತರಂಗಾಂತರದ ಬೆಳಕಿಗೆ ತಾಳ ಹಾಕಿ ಜೋರಾಗಿ ತೂಗಾಡುವುದೇ ಇದಕ್ಕೆ ಕಾರಣ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಎತ್ತರಕ್ಕೆ ಜೀಕುವ ಹಾಗೆ.

ಆದರೆ ಯಂತ್ರ ಹೇಳುವುದು ಅರ್ಧ ಸತ್ಯ. ಆಚೆ ತಲುಪದ ಬೆಳಕು ಎರಡು ರೀತಿಯಲ್ಲಿ ಕಳೆದುಹೋಗಿರಬಹುದು. ಕಣ ಅದನ್ನು ಹೀರಿ ಶಾಖವಾಗಿಸಿರಬಹುದು, ಇಲ್ಲವೇ ಅಕ್ಕಪಕ್ಕಕ್ಕೆ ಚದುರಿಸಿರಬಹುದು. ಯಂತ್ರಕ್ಕೆ ಎರಡೂ ನಷ್ಟವೇ. ಎರಡನ್ನೂ ಬೇರೆ ಮಾಡಬೇಕಾದರೆ ಪಕ್ಕದಿಂದಲೂ ನೋಡಬೇಕು. ಬೆಳಕಿನ ದಾರಿಗೆ ಲಂಬವಾಗಿ ಇನ್ನೊಂದು ಡಿಟೆಕ್ಟರ್ ಇಡಬೇಕು, ಅಥವಾ ಒಳಮೈಯೆಲ್ಲ ಬಿಳಿಯಾದ ಗೋಳದಲ್ಲಿ ಚದುರಿದ ಬೆಳಕನ್ನೆಲ್ಲ ಕೂಡಿಹಾಕಿ ಎಣಿಸಬೇಕು. ಇದರಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಸಣ್ಣ ಕಣಗಳಲ್ಲಿ ಹೀರಿಕೆ ಕಣದ ಗಾತ್ರದ ಜೊತೆ, ಅಂದರೆ ಅಡ್ಡಳತೆಯ ಮೂರನೇ ಘಾತದಂತೆ, ಏರುತ್ತದೆ. ಚದುರುವಿಕೆ ಆರನೇ ಘಾತದಂತೆ ಏರುತ್ತದೆ. ಅಡ್ಡಳತೆ ಎರಡು ಪಟ್ಟಾದರೆ ಹೀರಿಕೆ 8 ಪಟ್ಟು, ಚದುರುವಿಕೆ 64 ಪಟ್ಟು. ಆದ್ದರಿಂದ 15 ನ್ಯಾನೊಮೀಟರಿನ ಕಣಗಳಲ್ಲಿ ಚದುರುವಿಕೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. 80, 100 ನ್ಯಾನೊಮೀಟರ್ ದಾಟಿದಾಗ ನಷ್ಟದಲ್ಲಿ ಅದರದ್ದೇ ದೊಡ್ಡ ಪಾಲು. ಆಗ ಅದೇ ದ್ರವ ಎದುರಿನಿಂದ ಒಂದು ಬಣ್ಣ, ಪಕ್ಕದಿಂದ ಇನ್ನೊಂದು ಬಣ್ಣ.

ಇಷ್ಟೆಲ್ಲ ಯಂತ್ರ, ಸೂತ್ರ ಯಾವುದೂ ಇಲ್ಲದೆ ಒಬ್ಬ ಮನುಷ್ಯ ಬಿಸಿಲು, ಮಸೂರ, ಕಣ್ಣು ಇಷ್ಟನ್ನೇ ಇಟ್ಟುಕೊಂಡು, ಹಾದುಹೋದ ಬೆಳಕು ಬೇರೆ, ಚದುರಿದ ಬೆಳಕು ಬೇರೆ ಎಂದು ಎರಡು ಕಡೆಯಿಂದ ನೋಡಿದರಲ್ಲ, ಅದು ನನ್ನನ್ನು ಇವತ್ತಿಗೂ ಬೆರಗಾಗಿಸುತ್ತದೆ.

ಕೈಗೂಡದ ಆಸೆಯ ವರದಿ

1857ರ ಫೆಬ್ರುವರಿ 5ರಂದು ರಾಯಲ್ ಸೊಸೈಟಿಯ ಬೇಕರ್ ಉಪನ್ಯಾಸವಾಗಿ ಈ ಕೆಲಸ ಮಂಡನೆಯಾಯಿತು. ಬಂಗಾರ ಮತ್ತು ಇತರ ಲೋಹಗಳಿಗೂ ಬೆಳಕಿಗೂ ಇರುವ ಸಂಬಂಧವನ್ನು ಪ್ರಯೋಗದಿಂದ ಪರಿಶೀಲಿಸುವ ಪ್ರಬಂಧ ಅದು. ಅದರಲ್ಲಿ ನನಗೆ ತುಂಬ ನಾಟಿದ್ದು ಪ್ರಯೋಗದ ವಿವರಗಳಿಗಿಂತಲೂ ಆರಂಭದಲ್ಲಿ ಬರುವ ಒಂದು ಒಪ್ಪಿಗೆ. ಬೆಳಕಿನ ಬಣ್ಣವನ್ನೇ ಬದಲಿಸಬಲ್ಲೆ ಎಂದು ಒಂದು ಕಾಲಕ್ಕೆ ಆಸೆಪಟ್ಟಿದ್ದೆ, ಅದು ಇನ್ನೂ ಖಚಿತವಾಗಿಲ್ಲ ಎಂದು ಫ್ಯಾರಡೆ ನೇರವಾಗಿ ಹೇಳಿಬಿಡುತ್ತಾರೆ. ಈಗಿನ ಸ್ಥಿತಿಯಲ್ಲಿ ಈ ಫಲಿತಾಂಶಗಳಿಗೆ ಭಾರೀ ಬೆಲೆಯಿದೆ ಎಂದು ತಾವು ಹೇಳುವುದಿಲ್ಲ, ಆದರೆ ಈ ದಾರಿಯಲ್ಲಿ ಮುಂದೆ ನಡೆಯುವವರಿಗೆ ಇದರಿಂದ ಎಷ್ಟೋ ಶ್ರಮ ಉಳಿಯಬಹುದು ಎನ್ನುವ ಅರ್ಥದ ಮಾತು ಅಲ್ಲಿದೆ.

ಯೋಚಿಸಿ ನೋಡಿ. ಜಗತ್ತೇ ಗೌರವಿಸುವ ವಿಜ್ಞಾನಿ, ಹೆಚ್ಚುಕಡಿಮೆ ಇಡೀ ವರ್ಷ ದುಡಿದು, ದೇಶದ ಅತ್ಯುನ್ನತ ವಿಜ್ಞಾನ ಸಭೆಯ ಮುಂದೆ ನಿಂತು, ಹುಡುಕಲು ಹೋದದ್ದು ಸಿಗಲಿಲ್ಲ ಎನ್ನುತ್ತಾರೆ. ಹಾಗೆಂದು ಕೆಲಸವನ್ನು ಮುಚ್ಚಿಡುವುದಿಲ್ಲ. ಏನು ಮಾಡಿದೆ, ಹೇಗೆ ಮಾಡಿದೆ, ಎಲ್ಲಿ ಬಣ್ಣ ಬದಲಾಯಿತು, ಎಲ್ಲಿ ಆಗಲಿಲ್ಲ, ಎಲ್ಲವನ್ನೂ ಇನ್ನೊಬ್ಬರು ಮತ್ತೆ ಮಾಡಬಲ್ಲಷ್ಟು ಸ್ಪಷ್ಟವಾಗಿ ಬರೆದಿಡುತ್ತಾರೆ.

ಶ್ರಮ ಉಳಿಯಿತೇ? ಉಳಿಯಿತು. ಫ್ಯಾರಡೆ ನಂತರ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರ ಸ್ಥಾನಕ್ಕೆ ಬಂದ ಜಾನ್ ಟಿಂಡಾಲ್, ಬೆಳಕಿನ ದಾರಿ ಪಕ್ಕದಿಂದ ಕಾಣುವ ವಿದ್ಯಮಾನವನ್ನು ಆಳವಾಗಿ ಅಭ್ಯಾಸ ಮಾಡಿದರು. ಪಿಯುಸಿಯಲ್ಲಿ ನಾವು ಟಿಂಡಾಲ್ ಪರಿಣಾಮ ಎಂದು ಎರಡು ಅಂಕಕ್ಕೆ ಬರೆಯುವುದು ಇದನ್ನೇ. 1903ರ ಹೊತ್ತಿಗೆ ರಿಚರ್ಡ್ ಜಿಗ್ಮಾಂಡಿ ಮತ್ತು ಸೀಡೆಂಟೋಫ್ ಇದೇ ಉಪಾಯದಿಂದ ಹೊಸ ಬಗೆಯ ಸೂಕ್ಷ್ಮದರ್ಶಕ ಕಟ್ಟಿದರು. ಪಕ್ಕದಿಂದ ಪ್ರಖರ ಬೆಳಕು, ಮೇಲಿನಿಂದ ನೋಟ. ಕತ್ತಲ ಹಿನ್ನೆಲೆಯಲ್ಲಿ ಒಂದೊಂದು ಬಂಗಾರದ ಕಣವೂ ನಕ್ಷತ್ರದ ಹಾಗೆ ಮಿನುಗಿತು. ಫ್ಯಾರಡೆ ಕಾಣಲಾಗದ ಕಣಗಳು ಕಡೆಗೂ ಕಂಡವು. ಜಿಗ್ಮಾಂಡಿಗೆ 1925ನೇ ಸಾಲಿನ ರಸಾಯನ ವಿಜ್ಞಾನದ ನೊಬೆಲ್ ಬಂತು.

ಇನ್ನು ಬಂಗಾರ ಏಕೆ ಕೆಂಪು ಎಂಬುದಕ್ಕೆ ಲೆಕ್ಕದ ಉತ್ತರ ಸಿಕ್ಕಿದ್ದು 1908ರಲ್ಲಿ. ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದಲ್ಲಿ ಗುಸ್ತಾವ್ ಮೀ ಅವರ ವಿದ್ಯಾರ್ಥಿ ಸ್ಟಾಯ್ಬಿಂಗ್ ನೀರಿನಲ್ಲಿರುವ ಬಂಗಾರದ ಕಣಗಳು ಬೆಳಕಿನೊಂದಿಗೆ ಹೇಗೆ ವರ್ತಿಸುತ್ತವೆ ಎಂದು ಅಳೆಯುತ್ತಿದ್ದರು. ಹೆಚ್ಚೂಕಡಿಮೆ ನನ್ನ ಪ್ರಾಜೆಕ್ಟೇ ಅನ್ನಿ. ಆ ಅಳತೆಗಳನ್ನು ವಿವರಿಸಲು ಮೀ ಅವರು ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಒಂದು ಪುಟ್ಟ ಲೋಹದ ಗುಂಡಿಗೆ ಹಚ್ಚಿ ಬಿಡಿಸಿದರು. ಹೀರಿಕೆ ಎಷ್ಟು, ಚದುರುವಿಕೆ ಎಷ್ಟು ಎಂಬುದು ಆ ಸೂತ್ರದಿಂದ ಬರುತ್ತದೆ. ಇವತ್ತಿಗೂ ನಾವು ಕಂಪ್ಯೂಟರಿನಲ್ಲಿ ಅದನ್ನೇ ಓಡಿಸುತ್ತೇವೆ. ಆ ಮ್ಯಾಕ್ಸ್‌ವೆಲ್ ಸಮೀಕರಣಗಳು ಹುಟ್ಟಿದ್ದು ಎಲ್ಲಿಂದ? ಫ್ಯಾರಡೆ ಕಂಡ ಬಲರೇಖೆಗಳಿಂದ. ಗಣಿತ ಕಲಿಯದ ಬೈಂಡರ್ ಹುಡುಗನ ಚಿತ್ರಗಳನ್ನು ಮ್ಯಾಕ್ಸ್‌ವೆಲ್ ಗಣಿತಕ್ಕೆ ಇಳಿಸಿದ್ದರು. ಅಂದರೆ ಬಂಗಾರದ ಒಗಟಿಗೆ ಬೇಕಾದ ಬೀಗದಕೈ ಅದೇ ಮನುಷ್ಯನ ಇನ್ನೊಂದು ಕೆಲಸದಲ್ಲಿ ತಯಾರಾಗುತ್ತಿತ್ತು. ಅದನ್ನು ಬೀಗಕ್ಕೆ ಹಾಕಿ ತಿರುಗಿಸಲು ಅರ್ಧ ಶತಮಾನ ಬೇಕಾಯಿತು.

ಬೆಳಕಿನ ಬಣ್ಣ ಬದಲಿಸುವ ಆಸೆಯ ಕಥೆ ನಮ್ಮ ದೇಶದಲ್ಲಿ ಮುಂದುವರಿಯಿತು. 1928ರಲ್ಲಿ ಸಿ.ವಿ. ರಾಮನ್ ಕೋಲ್ಕತ್ತದಲ್ಲಿ, ದ್ರವಗಳಲ್ಲಿ ಚದುರಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸಿಕೊಂಡಿರುತ್ತದೆ ಎಂದು ತೋರಿಸಿದರು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದ್ದು ನಮಗೆ ಗೊತ್ತೇ ಇದೆ. ಅದು ಫ್ಯಾರಡೆ ಹಿಡಿದ ದಾರಿಯಲ್ಲ, ಅಲ್ಲಿ ಕೆಲಸ ಮಾಡುವುದು ಅಣುಗಳು. ಆದರೆ ಆ ಬದಲಾದ ಬೆಳಕು ತೀರಾ ಕ್ಷೀಣ. 1970ರ ದಶಕದಲ್ಲಿ ಬೆಳ್ಳಿಯ ಒರಟು ಮೈಗೆ ಅಂಟಿದ ಅಣುಗಳಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಾಗಿ ಕಾಣಿಸಿತು. ಈಗ ಬೆಳ್ಳಿ, ಬಂಗಾರದ ನ್ಯಾನೊ ಕಣಗಳನ್ನೇ ಇದಕ್ಕೆ ಬಳಸುತ್ತಾರೆ. ಸುತ್ತಿ ಬಳಸಿ ಬಂಗಾರ, ಬೆಳಕು, ಬಣ್ಣದ ಬದಲಾವಣೆ ಮೂರೂ ಒಂದೇ ಕಡೆ ಸೇರಿದವು.

ಉಪಯೋಗ ಎಂದರೇನು

ಉಪಯೋಗವನ್ನು ಕೈಯಲ್ಲಿ ಹಿಡಿದು ನೋಡಬೇಕೆನ್ನುವವರಿಗೂ ಉತ್ತರವಿದೆ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಕಿಟ್ ನೆನಪಿದೆಯೇ? ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭಧಾರಣೆಯ ಕಿಟ್ ನೋಡಿರಬಹುದು. ಇಂಥ ಬಹುಪಾಲು ಕಿಟ್‌ಗಳ ಪಟ್ಟಿಯಲ್ಲಿ ಮೂಡುವ ಆ ಕೆಂಪು ಗೆರೆ ಬಂಗಾರದ ನ್ಯಾನೊ ಕಣಗಳ ಗೆರೆ. ಫ್ಯಾರಡೆಯ ಬಾಟಲಿಯಲ್ಲಿದ್ದ ಕೆಂಪೇ ಅದು. ಆದರೆ 1857ರಲ್ಲಿ ಯಾರಾದರೂ ಅವರನ್ನು ಉಪಯೋಗವೇನು ಎಂದು ಕೇಳಿದ್ದರೆ ಅವರ ಬಳಿ ಈ ಉತ್ತರ ಇರುತ್ತಿರಲಿಲ್ಲ.

ಹಾಗೆಂದು ಪ್ರತಿ ಪ್ರಾಜೆಕ್ಟಿನಿಂದಲೂ ಎಂದೋ ಒಂದು ಕಿಟ್ ಹುಟ್ಟುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮಂಥವರ ಪ್ರಾಜೆಕ್ಟ್ ವರದಿಗಳಲ್ಲಿ ಹೆಚ್ಚಿನವು ಕಪಾಟಿನಲ್ಲೇ ಉಳಿಯುತ್ತವೆ. ಫ್ಯಾರಡೆಯಿಂದ ನಾನು ತೆಗೆದುಕೊಂಡದ್ದು ಬೇರೆ. ಮುಂದಿನ ಸಂದರ್ಶನಕ್ಕೆ ನಾನು ತಯಾರು ಮಾಡಿಕೊಂಡಿರುವ ಉತ್ತರ ಹೀಗಿದೆ: ಬಂಗಾರದ ಕಣ ಬೆಳಕನ್ನು ಹೀರಿದ್ದೆಷ್ಟು, ಚದುರಿಸಿದ್ದೆಷ್ಟು ಎಂದು ನಾನು ಬೇರೆ ಬೇರೆಯಾಗಿ ಅಳೆದೆ. ಯಂತ್ರ ಕೊಡುವ ಒಂದೇ ಸಂಖ್ಯೆಯನ್ನು ನಂಬದೆ ಪಕ್ಕದಿಂದಲೂ ನೋಡಲು ಕಲಿತೆ. ಗಾಜು ತೊಳೆಯುವುದರಿಂದ ಹಿಡಿದು ಗ್ರಾಫ್ ಎಳೆಯುವವರೆಗೆ ಪ್ರತಿ ಹೆಜ್ಜೆಯನ್ನೂ, ನನ್ನ ನಂತರ ಬಂದ ಜೂನಿಯರ್ ಯಾರನ್ನೂ ಕೇಳದೆ ಮತ್ತೆ ಮಾಡಬಲ್ಲಂತೆ ಬರೆದಿಟ್ಟೆ. ನಾನು ಬರೆದ ನೋಟ್‌ಬುಕ್ ಇಟ್ಟುಕೊಂಡು ಈ ವರ್ಷ ಒಬ್ಬಳು ವಿದ್ಯಾರ್ಥಿನಿ ಕೆಲಸ ಶುರು ಮಾಡಿದ್ದಾಳೆ. ಅವಳಿಗೆ ಕೆಲವು ವಾರಗಳ ಶ್ರಮ ಉಳಿದಿದೆ. ಲ್ಯಾಬಾಗಲಿ, ಬ್ಯಾಂಕಾಗಲಿ, ತಾಲ್ಲೂಕು ಕಚೇರಿಯಾಗಲಿ, ಬೇಕಾಗಿರುವುದು ಇಂಥ ಕೆಲಸಗಾರರೇ ಅಲ್ಲವೇ?

ಬಂಗಾರದ ಉಪನ್ಯಾಸದ ನಂತರ ಫ್ಯಾರಡೆಯ ನೆನಪು ಇನ್ನಷ್ಟು ಸೋತಿತು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಮನೆಬಾಗಿಲಿಗೆ ಬಂದರೂ ಬೇಡವೆಂದರು. ಒಂದು ಕಾಲಕ್ಕೆ ಅದೇ ಕುರ್ಚಿಯಲ್ಲಿದ್ದ ಬ್ಯಾಂಕ್ಸ್ ಅವರ ಅರ್ಜಿಗೆ ಉತ್ತರ ಕೊಟ್ಟಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಸರ್ ಪದವಿಯನ್ನೂ ಒಲ್ಲೆನೆಂದು ಬರೀ ಮಿಸ್ಟರ್ ಫ್ಯಾರಡೆ ಆಗಿಯೇ ಉಳಿದರು. ಹ್ಯಾಂಪ್ಟನ್ ಕೋರ್ಟಿನಲ್ಲಿ ರಾಣಿ ಕೊಡಿಸಿದ್ದ ಮನೆಯಲ್ಲಿ 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕೂತಂತೆಯೇ ತೀರಿಕೊಂಡರು. ಹೈಗೇಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರು ಮಾಡಿಟ್ಟ ನೂರಾರು ಬಂಗಾರದ ಸ್ಲೈಡುಗಳು ಮತ್ತು ಕೆಲವು ಬಾಟಲಿಗಳು ಇಂದಿಗೂ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿವೆ. ಒಂದೂವರೆ ಶತಮಾನ ದಾಟಿದರೂ ಬಾಟಲಿಯ ಬಂಗಾರ ಪೂರ್ತಿ ತಳಕ್ಕೆ ಇಳಿದಿಲ್ಲ. ಈಗಲೂ ಅದು ಕೆಂಪಗೇ ಇದೆ.